ಹಳೇ ಲಾರಿಗೆ ಎಷ್ಟು ಡಿಗ್ರಿ ಥರ್ಮೋಸ್ಟಾಟ್? 71, 82, 88ರ ಲೆಕ್ಕ

ಈ ವಾರ ಬೆಳೆಯ ಮಾತು ಸ್ವಲ್ಪ ಬದಿಗಿಟ್ಟು, ಬೆಳೆ ಸಾಗಿಸುವ ಗಾಡಿಯ ಮಾತಾಡೋಣ. ನಮ್ಮ ಮೊಸಳೆ ಸುತ್ತಮುತ್ತ, ಹಾಗೇ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ನಾಲ್ಕೈದು ಜನ ಸೇರಿ ಒಂದು ಹಳೇ ಲಾರಿ ತಗೊಂಡಿರೋದನ್ನ ನಾನು ನೋಡ್ತಾ ಇದ್ದೀನಿ. ಆಲೂಗಡ್ಡೆ, ಶುಂಠಿ, ಮುಸುಕಿನ ಜೋಳ, ತೆಂಗಿನಕಾಯಿ ಯಾವುದೇ ಇರಲಿ, ಕಿತ್ತ ದಿನವೇ ಮಾರ್ಕೆಟ್ ಸೇರಬೇಕು ಅಂದ್ರೆ ಬಾಡಿಗೆ ಗಾಡಿಗೆ ಕಾದು ಕೂರೋಕಾಗಲ್ಲ.

ನಾನು ಓದಿದ್ದು ತೋಟಗಾರಿಕೆ, ಮೆಕ್ಯಾನಿಕ್ ಕೆಲಸ ಅಲ್ಲ. ಆದರೆ ನಮ್ಮ ಸಾವಯವ ಗುಂಪಿನ ಗಾಡಿಯ ಲೆಕ್ಕದ ಪುಸ್ತಕ ನನ್ನ ಹತ್ತಿರ ಇರೋದು. ಡೀಸೆಲ್, ಆಯಿಲ್, ರಿಪೇರಿ ಎಲ್ಲ ಬರೆದಿಡುವಾಗ ಒಂದು ಪ್ರಶ್ನೆ ಪದೇಪದೇ ಎದುರಾಗುತ್ತೆ: "ಗಾಡಿ ಹೀಟ್ ಆಗ್ತಿದೆ. ಕಮ್ಮಿ ಡಿಗ್ರಿ ಥರ್ಮೋಸ್ಟಾಟ್ ಹಾಕ್ಸೋಣ್ವಾ, ಇಲ್ಲಾ ತೆಗೆದೇ ಬಿಡೋಣ್ವಾ?"

ಉತ್ತರ ಮೊದಲೇ ಹೇಳ್ತೀನಿ. ಎರಡೂ ಬೇಡ. ಯಾಕೆ ಅನ್ನೋದನ್ನ ಲೆಕ್ಕ ಸಮೇತ ನೋಡೋಣ.

ಥರ್ಮೋಸ್ಟಾಟ್ ಮಾಡೋ ಕೆಲಸ ಏನು?

ಎಂಜಿನ್‌ನಿಂದ ರೇಡಿಯೇಟರ್‌ಗೆ ಹೋಗುವ ಮೇಲಿನ ಹೋಸ್ ಪೈಪ್ ಎಲ್ಲಿ ಶುರುವಾಗುತ್ತೋ, ಸಾಮಾನ್ಯವಾಗಿ ಅಲ್ಲೇ ಒಂದು ಮುಚ್ಚಳದ ಒಳಗೆ ಈ ವಾಲ್ವ್ ಕೂತಿರುತ್ತೆ. ಅದರ ಹೊಟ್ಟೆಯಲ್ಲಿ ಮೇಣ ತುಂಬಿರುತ್ತೆ. ನೀರು ಒಂದು ಮಟ್ಟಕ್ಕೆ ಕಾದಾಗ ಮೇಣ ಕರಗಿ ಹಿಗ್ಗುತ್ತೆ, ಒಂದು ಸಣ್ಣ ಸಲಾಕೆಯನ್ನು ತಳ್ಳುತ್ತೆ, ವಾಲ್ವ್ ತೆರೆಯುತ್ತೆ. ತಣ್ಣಗಾದರೆ ಸ್ಪ್ರಿಂಗ್ ಅದನ್ನು ಮತ್ತೆ ಮುಚ್ಚುತ್ತೆ. ಕರೆಂಟ್ ಇಲ್ಲ, ವೈರ್ ಇಲ್ಲ. ಮೇಣದ ಈ ಉಪಾಯ ಬಂದದ್ದು 1930ರ ದಶಕದಲ್ಲಿ, ಇವತ್ತಿಗೂ ಹೆಚ್ಚುಕಡಿಮೆ ಅದೇ ನಡೀತಿದೆ.

ವಾಲ್ವ್ ಮುಚ್ಚಿದ್ದಾಗ ನೀರು ಎಂಜಿನ್ ಒಳಗೇ ಸುತ್ತುತ್ತೆ. ಈ ಒಳದಾರಿಗೆ ಬೈಪಾಸ್ ಅಂತಾರೆ. ವಾಲ್ವ್ ತೆರೆದ ಮೇಲೆ ನೀರು ರೇಡಿಯೇಟರ್‌ಗೆ ಹೋಗಿ ತಣ್ಣಗಾಗಿ ವಾಪಸ್ ಬರುತ್ತೆ. ವಾಲ್ವ್ ಮೇಲೆ ಕೊರೆದಿರುವ 82 ಅಥವಾ 88 ಅನ್ನೋ ಸಂಖ್ಯೆ ಅದು ತೆರೆಯೋಕೆ ಶುರುವಾಗುವ ಡಿಗ್ರಿ ಸೆಲ್ಸಿಯಸ್. ಪೂರ್ತಿ ತೆರೆಯೋಕೆ ಇನ್ನೂ 10ರಿಂದ 15 ಡಿಗ್ರಿ ಬೇಕು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕೆರೆ ಕೋಡಿಯ ಲೆಕ್ಕ

ಕೆರೆ ತುಂಬುವಾಗ ನೀರು ಯಾವ ಮಟ್ಟಕ್ಕೆ ಬಂದರೆ ಹೊರಗೆ ಹರಿಯಬೇಕು ಅನ್ನೋದನ್ನ ಕೋಡಿಯ ಎತ್ತರ ತೀರ್ಮಾನ ಮಾಡುತ್ತೆ. ಥರ್ಮೋಸ್ಟಾಟ್ ಸಂಖ್ಯೆ ಅಂದ್ರೆ ಕೋಡಿಯ ಎತ್ತರ. ರೇಡಿಯೇಟರ್ ಅಂದ್ರೆ ಕೋಡಿಯಿಂದ ಆಚೆಗಿನ ಕಾಲುವೆ.

ಕಾಲುವೆಯಲ್ಲಿ ಹೂಳು ತುಂಬಿದೆ ಅಂತಿಟ್ಕೊಳ್ಳಿ. ದೊಡ್ಡ ಮಳೆ ಬಂದ ದಿನ ನೀರು ಏರಿ ಮೇಲೆ ಹತ್ತುತ್ತೆ. ಆಗ ಯಾರೋ ಬಂದು ಕೋಡಿಯನ್ನು ಒಂದಡಿ ತಗ್ಗಿಸಿದರೆ ಏನಾಗುತ್ತೆ? ಕಾಲುವೆ ಹಿಡಿಸೋದು ಅಷ್ಟೇ, ಹಾಗಾಗಿ ದೊಡ್ಡ ಮಳೆಯ ದಿನ ಮತ್ತೆ ಅದೇ ಕಥೆ. ಉಳಿದ ದಿನಗಳಲ್ಲಿ ಮಾತ್ರ ಕೆರೆಯಲ್ಲಿ ಒಂದಡಿ ನೀರು ಕಮ್ಮಿ. ಹೂಳೆತ್ತೋ ಕೆಲಸ ಹಾಗೇ ಉಳೀತು.

ಎಂಜಿನ್‌ನಲ್ಲೂ ಇದೇ. ಥರ್ಮೋಸ್ಟಾಟ್ ನಿಗದಿ ಮಾಡೋದು ಎಂಜಿನ್‌ನ ಕನಿಷ್ಠ ಬಿಸಿಯನ್ನು. ಗರಿಷ್ಠ ಬಿಸಿ ಎಲ್ಲಿ ನಿಲ್ಲುತ್ತೆ ಅನ್ನೋದು ರೇಡಿಯೇಟರ್, ಫ್ಯಾನ್, ವಾಟರ್ ಪಂಪ್ ಮತ್ತು ಲೋಡ್ ಮೇಲಿದೆ. ಗಾಡಿ 100 ಡಿಗ್ರಿ ಮುಟ್ಟುವ ಹೊತ್ತಿಗೆ 71ರ ವಾಲ್ವೂ ಪೂರ್ತಿ ತೆರೆದಿರುತ್ತೆ, 82ರದ್ದೂ ಪೂರ್ತಿ ತೆರೆದಿರುತ್ತೆ. ಆ ಹೊತ್ತಿನಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ.

ಶಿರಾಡಿ ಘಾಟಿಯಲ್ಲಿ ನಾಲ್ಕು ನಿಮಿಷ

"ಮೊದಲೇ ತಣ್ಣಗಿದ್ರೆ ಹೀಟ್ ಆಗೋದು ತಡ ಆಗುತ್ತಲ್ವಾ?" ಅಂತ ಕೇಳಬಹುದು. ಹೌದು, ತಡ ಆಗುತ್ತೆ. ಎಷ್ಟು ಅಂತ ಲೆಕ್ಕ ಹಾಕೋಣ.

ಮಂಗಳೂರು ಕಡೆಯಿಂದ ಮೀನಿನ ಗೊಬ್ಬರ ತುಂಬಿಕೊಂಡು ಗಾಡಿ ವಾಪಸ್ ಬರ್ತಿದೆ. ಗುಂಡ್ಯ ದಾಟಿ ಸಕಲೇಶಪುರದ ಕಡೆ ಏರು. ಎಂಜಿನ್‌ನಲ್ಲಿ 15 ಲೀಟರ್ ನೀರು, ಸುತ್ತ 300 ಕೆ.ಜಿ. ಎರಕದ ಕಬ್ಬಿಣ ಅಂತಿಟ್ಕೊಳ್ಳಿ. ರೇಡಿಯೇಟರ್ ಅರ್ಧ ಕಟ್ಟಿದೆ, ಹೊರಗೆ ಹಾಕಲಾಗದೆ ಪ್ರತಿ ಸೆಕೆಂಡಿಗೆ 10 ಕಿಲೋಜೂಲ್ ಶಾಖ ಒಳಗೇ ಉಳಿಯುತ್ತೆ. 82ರ ಬದಲು 71ರಿಂದ ಶುರು ಮಾಡಿದರೆ 11 ಡಿಗ್ರಿ ಮುನ್ನಡೆ ಸಿಕ್ತು. ಆ ನೀರು, ಆ ಕಬ್ಬಿಣ ಎರಡೂ 11 ಡಿಗ್ರಿ ಏರೋಕೆ ಸುಮಾರು 2,200 ಕಿಲೋಜೂಲ್ ಬೇಕು. ಅಂದರೆ 220 ಸೆಕೆಂಡ್. ನಾಲ್ಕು ನಿಮಿಷಕ್ಕೂ ಕಮ್ಮಿ.

ಲೋಡ್ ಗಾಡಿಗೆ ಆ ಏರು ನಾಲ್ಕು ನಿಮಿಷದ್ದಲ್ಲ. ಮಾರನಹಳ್ಳಿ ಹತ್ತಿರ ಕುದಿಯಬೇಕಿದ್ದ ಗಾಡಿ ಇನ್ನೊಂದೆರಡು ತಿರುವು ದಾಟಿ ಕುದಿಯುತ್ತೆ, ಅಷ್ಟೇ.

ಅದೇ ಘಾಟಿ ಇಳಿಯುವಾಗ ಇನ್ನೊಂದು ವಿಷಯ ನೋಡಿ. ಕಾಲು ಆಕ್ಸಿಲರೇಟರ್ ಮೇಲೆ ಇರಲ್ಲ, ಡೀಸೆಲ್ ಉರಿಯೋದು ಕಮ್ಮಿ, ಎದುರಿಂದ ಗಾಳಿ ಜೋರು. ವಾಲ್ವ್ ಇದ್ದರೆ ಅದು ಮುಚ್ಚಿಕೊಂಡು ಎಂಜಿನ್ ಬಿಸಿ ಕಾಪಾಡುತ್ತೆ. ವಾಲ್ವ್ ತೆಗೆದ ಗಾಡಿ ಇಳಿಜಾರಲ್ಲಿ ತಣ್ಣಗಾಗಿ, ಮುಂದಿನ ಏರಿನಲ್ಲಿ ಒಮ್ಮೆಲೇ ಕಾಯುತ್ತೆ. ಹೀಗೆ ತಣ್ಣಗಾಗೋದು, ಕಾಯೋದು ಪದೇಪದೇ ನಡೆದರೆ ಹೆಡ್ ಗ್ಯಾಸ್ಕೆಟ್‌ಗೆ ಒಳ್ಳೇದಲ್ಲ.

ತಣ್ಣಗೆ ಓಡೋ ಡೀಸೆಲ್ ಎಂಜಿನ್‌ಗೆ ಏನಾಗುತ್ತೆ?

ಬೀಜ ಮೊಳೆಯೋಕೆ ಮಣ್ಣಿಗೆ ಇಷ್ಟು ಬಿಸಿ ಬೇಕು ಅಂತ ಇರೋ ಹಾಗೆ ಡೀಸೆಲ್ ಚೆನ್ನಾಗಿ ಉರಿಯೋಕೂ ಸಿಲಿಂಡರ್ ಗೋಡೆಗೆ ಬಿಸಿ ಬೇಕು. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಒತ್ತಿದ ಗಾಳಿಯ ಬಿಸಿಯಿಂದಲೇ ಎಣ್ಣೆ ಹತ್ತಿಕೊಳ್ಳಬೇಕು. ಗೋಡೆ ತಣ್ಣಗಿದ್ದರೆ ಮೂರು ತೊಂದರೆ:

1. ಪೂರ್ತಿ ಉರಿಯದ ಡೀಸೆಲ್ ಗೋಡೆ ಮೇಲೆ ಹನಿಯಾಗಿ, ಪಿಸ್ಟನ್ ರಿಂಗ್ ದಾಟಿ ಕೆಳಗಿನ ಎಂಜಿನ್ ಆಯಿಲ್‌ಗೆ ಸೇರುತ್ತೆ. ಆಯಿಲ್ ತೆಳ್ಳಗಾಗುತ್ತೆ. ಡಿಪ್ ಸ್ಟಿಕ್ ಮೇಲೆ ಆಯಿಲ್ ಮಟ್ಟ ಏರಿದ್ದರೆ ಖುಷಿ ಪಡಬೇಡಿ, ಮೂಸಿ ನೋಡಿ.

2. ಉರಿದಾಗ ಹುಟ್ಟುವ ನೀರಿನ ಆವಿ ಹೊರಗೆ ಹೋಗದೆ ಒಳಗೇ ಬೆವರುತ್ತೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆ ಥರ ಕಟ್ಟುತ್ತೆ. (ಹೆಡ್ ಗ್ಯಾಸ್ಕೆಟ್ ಹೋಗಿದ್ದರೂ ಹೀಗೇ ಕಾಣುತ್ತೆ. ಹಾಗಾಗಿ ರೇಡಿಯೇಟರ್ ನೀರು ಕಮ್ಮಿ ಆಗ್ತಿದೆಯಾ ಅಂತಲೂ ನೋಡಬೇಕು.)

3. ಡೀಸೆಲ್‌ನ ಗಂಧಕ ಉರಿದು, ಆ ಬೆವರಿನ ಜೊತೆ ಸೇರಿ ಆಮ್ಲವಾಗಿ ಲೈನರ್ ತಿನ್ನುತ್ತೆ. ತಣ್ಣನೆಯ ಸಿಲಿಂಡರ್ ಬೇಗ ಸವೆಯುತ್ತೆ ಅನ್ನೋದನ್ನ ಬ್ರಿಟನ್‌ನ ಎಂಜಿನಿಯರುಗಳು 1930ರ ದಶಕದಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದರು. 2020ರ ಏಪ್ರಿಲ್‌ನಿಂದ ದೇಶದ ಎಲ್ಲ ಕಡೆ ಸಿಗುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂಗೆ ಇಳಿದಿರೋದರಿಂದ ಆಮ್ಲದ ಕಾಟ ಈಗ ಕಮ್ಮಿ. ಆದರೆ ಮೊದಲ ಎರಡು ತೊಂದರೆ ಹಾಗೇ ಇವೆ.

ನಮ್ಮ ಗಾಡಿಗಳ ದಿನಚರಿ ನೋಡಿ. ಬೆಳಗ್ಗೆ ಡೇರಿಗೆ ಕ್ಯಾನ್, ಆಮೇಲೆ ಹೊಲಕ್ಕೆ ಗೊಬ್ಬರ, ಸಂಜೆ ಗೋದಾಮಿಗೆ ನಾಲ್ಕು ಕಿಲೋಮೀಟರ್. ಡಿಸೆಂಬರ್, ಜನವರಿ ಚಳಿಯಲ್ಲಿ ನಸುಕಿನ ಮೂರು ಗಂಟೆಗೆ ಬೆಂಗಳೂರಿಗೆ ಲೋಡ್. ಇಂಥ ಓಡಾಟದಲ್ಲಿ ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಕೆಲಸದ ಬಿಸಿಗೆ ಬರೋದೇ ಕಷ್ಟ.

ಪಕ್ಕದೂರಿನ ಅಣ್ಣತಮ್ಮಂದಿರಿಬ್ಬರ ಗಾಡಿಯಲ್ಲಿ ಆಗಿದ್ದು ಇದೇ. ಘಾಟಿಯಲ್ಲಿ ಒಮ್ಮೆ ಕುದೀತು ಅಂತ ದಾರಿಯ ಗ್ಯಾರೇಜಿನಲ್ಲಿ ವಾಲ್ವ್ ತೆಗೆಸಿದರು. ಊರೊಳಗೆ ಓಡಾಡುವಾಗ ಮುಳ್ಳು ಕೆಳಗೇ ಇತ್ತು, ಸಮಾಧಾನ ಆಯ್ತು. ಒಂದು ವರ್ಷದಲ್ಲಿ ಬೆಳಗಿನ ಹೊತ್ತು ಬಿಳಿ ಹೊಗೆ, ಮೈಲೇಜ್ ಇಳಿತ, ಆಯಿಲ್ ತೆಳು. ಕೊನೆಗೆ ಎಂಜಿನ್ ಬಿಚ್ಚಿ ರಿಂಗ್, ಬೇರಿಂಗ್ ಬದಲಿಸುವ ಕೆಲಸ ಬಿತ್ತು, ಅದೂ ಆಲೂಗಡ್ಡೆ ಕೀಳುವ ಹೊತ್ತಿಗೆ. ಆ ವರ್ಷ ಅವರ ಬೆಳೆ ಹೋಗಿದ್ದು ಬಾಡಿಗೆ ಗಾಡಿಯಲ್ಲಿ. ಮೊದಲು ಕುದಿಯೋಕೆ ಕಾರಣ ಏನು ಅಂತ ನೋಡಿದ್ರೆ, ರೇಡಿಯೇಟರ್ ಒಳಗೆ ಬೋರ್‌ವೆಲ್ ನೀರಿನ ಸುಣ್ಣ.

ಇನ್ನೊಂದು ಮಾತು. ಹಲವು ಎಂಜಿನ್‌ಗಳ ಥರ್ಮೋಸ್ಟಾಟ್‌ಗೆ ಕೆಳಗೆ ಇನ್ನೊಂದು ಬಿಲ್ಲೆ ಇರುತ್ತೆ. ಮೇಲಿನ ಬಾಗಿಲು ತೆರೆದಂತೆ ಈ ಬಿಲ್ಲೆ ಬೈಪಾಸ್ ಮುಚ್ಚುತ್ತೆ. ಅಂಥ ಗಾಡಿಯಲ್ಲಿ ವಾಲ್ವ್ ತೆಗೆದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತೆ. ಸ್ವಲ್ಪ ಬಿಸಿನೀರು ರೇಡಿಯೇಟರ್ ನೋಡದೆ ಸೀದಾ ಎಂಜಿನ್‌ಗೆ ವಾಪಸ್. ತಣ್ಣಗಾಗಲಿ ಅಂತ ತೆಗೆಸಿದ್ದು, ಲೋಡ್‌ನಲ್ಲಿ ಇನ್ನೂ ಹೆಚ್ಚು ಕಾಯುತ್ತೆ.

ಹಾಗಾದ್ರೆ 88 ಹಾಕಿದರೆ ಮೈಲೇಜ್ ಬರುತ್ತಾ?

ಹೊಸ ಎಂಜಿನ್‌ಗಳು ಹೆಚ್ಚು ಬಿಸಿಯಲ್ಲಿ ಓಡ್ತವೆ, ನಿಜ. ಅದಕ್ಕೆ ತಕ್ಕ ಒತ್ತಡದ ಮುಚ್ಚಳ, ರೇಡಿಯೇಟರ್, ಕೂಲೆಂಟ್ ಎಲ್ಲ ಅದರ ಜೊತೆಗೇ ಬಂದಿರುತ್ತೆ. ಹಳೇ ಗಾಡಿಗೆ ಬರೀ ವಾಲ್ವ್ ಬದಲಿಸೋ ಮುಂಚೆ ನಮ್ಮ ಊರಿನ ಎತ್ತರ ನೆನಪಿಸಿಕೊಳ್ಳಿ.

ಹಾಸನದ ಸುತ್ತಮುತ್ತ ನಾವು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದ್ದೀವಿ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಕುದಿಯೋದು 100ಕ್ಕಲ್ಲ, ಸುಮಾರು 97 ಡಿಗ್ರಿಗೆ. 88ರ ವಾಲ್ವ್ ಪೂರ್ತಿ ತೆರೆಯೋಕೆ ಕಮ್ಮಿ ಅಂದ್ರೂ 98 ಬೇಕು. ರೇಡಿಯೇಟರ್ ಮುಚ್ಚಳದ ರಬ್ಬರ್ ಹೋಗಿ ಒತ್ತಡ ನಿಲ್ಲದೇ ಇದ್ದರೆ, ಬಾಗಿಲು ಪೂರ್ತಿ ತೆರೆಯೋ ಮುಂಚೆಯೇ ನೀರು ಕುದಿಯುತ್ತೆ.

ಮುಚ್ಚಳ ಸರಿ ಇದ್ದರೆ ಕಥೆ ಬೇರೆ. 0.5 ಬಾರ್ ಒತ್ತಡ ಹಿಡಿಯುವ ಮುಚ್ಚಳ ನಮ್ಮ ಎತ್ತರದಲ್ಲಿ ಬರೀ ನೀರಿನ ಕುದಿಬಿಂದುವನ್ನು ಸುಮಾರು 109ಕ್ಕೆ ಏರಿಸುತ್ತೆ, ಪ್ರೆಶರ್ ಕುಕ್ಕರ್‌ನ ಹಾಗೆ. ಹಾಗಾಗಿ ಥರ್ಮೋಸ್ಟಾಟ್ ಸಂಖ್ಯೆಯನ್ನು ಮುಚ್ಚಳದ ಸಂಖ್ಯೆ ಬಿಟ್ಟು ಒಂದೇ ಆರಿಸಬಾರದು. ಮುಚ್ಚಳಕ್ಕೂ ಕಂಪನಿ ಹೇಳಿದ ಒತ್ತಡವನ್ನೇ ಹಾಕಿ. ಹೆಚ್ಚಿನದು ಹಾಕಿದರೆ ಹಳೇ ಹೋಸ್, ಹಳೇ ಬೆಸುಗೆ ಬಿಟ್ಟುಕೊಳ್ಳುತ್ತೆ.

ಯಾವುದು ಆರಿಸಬೇಕು?

ಅಂಗಡಿಯಲ್ಲಿ 71, 77, 82, 88 ಅಂತ ವಿಚಿತ್ರ ಸಂಖ್ಯೆಗಳು ಕಾಣ್ತವಲ್ಲ, ಅವು ಹಳೇ ಫ್ಯಾರನ್‌ಹೀಟ್ ಅಳತೆಯ 160, 170, 180, 190. ಇವುಗಳ ನಡುವೆ 79, 83ರಂಥವೂ ಸಿಗ್ತವೆ. ಆರಿಸುವ ಕ್ರಮ ಹೀಗಿರಲಿ:

ಮೊದಲು ಎಂಜಿನ್ ಯಾವುದು ಅಂತ ಗುರುತಿಸಿ. ಬಾನೆಟ್ ಮೇಲಿನ ಹೆಸರು ಸಾಲದು. ಟಾಟಾ 407 ಬಂದಿದ್ದು 1986ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಆ ಒಂದೇ ಹೆಸರಿನ ಒಳಗೆ ಬೇರೆ ಬೇರೆ ಎಂಜಿನ್ ಬಂದಿವೆ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಎಂಜಿನ್ನೇ ಬದಲಾಗಿರಬಹುದು. ಬ್ಲಾಕ್ ಮೇಲೆ ಕೊರೆದ ಸಂಖ್ಯೆ ನೋಡಿ, ಅದಕ್ಕೆ ಹೊಂದುವ ಪಾರ್ಟ್ ನಂಬರ್ ಕೇಳಿ.

ಕಂಪನಿ ಪುಸ್ತಕದಲ್ಲಿ ಏನಿದೆಯೋ ಅದೇ. ಪುಸ್ತಕ 71 ಅಂದ್ರೆ 71, 83 ಅಂದ್ರೆ 83. ಆ ಎಂಜಿನ್‌ನ ಪಿಸ್ಟನ್ ಸಂದು, ಆಯಿಲ್ ದಪ್ಪ ಎಲ್ಲ ಆ ಬಿಸಿಗೆ ಲೆಕ್ಕ ಹಾಕಿ ಮಾಡಿರ್ತಾರೆ.

ಪುಸ್ತಕ ಸಿಗದಿದ್ದರೆ ಹಳೇ ವಾಲ್ವ್ ಮೇಲಿನ ಸಂಖ್ಯೆ. ಆದರೆ ಯಾರೋ ಮಧ್ಯೆ ಬೇರೆ ಹಾಕಿರಬಹುದು. ಹಾಗಾಗಿ ಅದೇ ಎಂಜಿನ್ ಇರೋ ಇನ್ನೊಂದು ಗಾಡಿಯದ್ದರ ಜೊತೆ ಹೋಲಿಸಿ.

ಏನೂ ಗೊತ್ತಾಗದಿದ್ದರೆ, ಮೆಕ್ಯಾನಿಕಲ್ ಪಂಪಿನ ಹಳೇ ಡೀಸೆಲ್ ಎಂಜಿನ್‌ಗೆ ನನ್ನ ಸಲಹೆ 79ರಿಂದ 83ರ ಒಳಗಿನದ್ದು. ಕೆಲಸಕ್ಕೆ ಬೇಕಾದ ಬಿಸಿ ಸಿಗುತ್ತೆ, ನಮ್ಮ ಎತ್ತರದಲ್ಲಿ ಕುದಿಯೋಕೆ ಅಂತರವೂ ಉಳಿಯುತ್ತೆ. ಬೇಸಿಗೆಗೊಂದು ಚಳಿಗಾಲಕ್ಕೊಂದು ಬೇಕಿಲ್ಲ. ಹಿಮ ಬೀಳುವ ಊರು ನಮ್ಮದಲ್ಲ.

ಇಸಿಯು, ಸೆನ್ಸರ್ ಇರುವ ಎಂಜಿನ್ ಆಗಿದ್ದರೆ ಅಂದಾಜೇ ಬೇಡ. ಕಂಪನಿಯ ಸಂಖ್ಯೆ ಮಾತ್ರ.

ಅಳತೆಯೂ ಮುಖ್ಯ. ಡಿಗ್ರಿ ಸರಿ ಇದ್ದು ಅಗಲ, ಎತ್ತರ, ಕೆಳಗಿನ ಬೈಪಾಸ್ ಬಿಲ್ಲೆ ಹೊಂದದಿದ್ದರೆ ಉಪಯೋಗ ಇಲ್ಲ. ಹಳೇದನ್ನು ಅಂಗಡಿಗೆ ತಗೊಂಡೇ ಹೋಗಿ.

ಅಡುಗೆಮನೆಯಲ್ಲೇ ಪರೀಕ್ಷೆ

ಹೊಸದಾದರೂ ಸರಿ, ಹಾಕೋ ಮುಂಚೆ ಒಮ್ಮೆ ನೋಡಿಬಿಡಿ. ಬೇಕಾಗಿರೋದು ಅಡುಗೆಗೆ ಬಳಸದ ಒಂದು ಪಾತ್ರೆ, ದಾರ, 110 ಡಿಗ್ರಿವರೆಗೆ ತೋರಿಸುವ ಗಾಜಿನ ಥರ್ಮಾಮೀಟರ್. ಜ್ವರ ನೋಡೋದು ಬೇಡ, ಅದು 42ಕ್ಕೆ ನಿಲ್ಲುತ್ತೆ, ಒಡೆಯಲೂಬಹುದು.

1. ವಾಲ್ವ್ ಬಾಗಿಲ ಸಂದಿಗೆ ದಾರದ ತುದಿ ಸಿಕ್ಕಿಸಿ, ನೀರಲ್ಲಿ ಮುಳುಗುವ ಹಾಗೆ ನೇತುಹಾಕಿ. ಪಾತ್ರೆಯ ತಳ ಮುಟ್ಟಬಾರದು. ಥರ್ಮಾಮೀಟರೂ ತಳ ಮುಟ್ಟಬಾರದು.
2. ಸಣ್ಣ ಉರಿಯಲ್ಲಿ ಕಾಯಿಸಿ, ನೀರು ಕಲಕುತ್ತಾ ಇರಿ.
3. ಬಾಗಿಲು ತೆರೆದ ಕ್ಷಣ ವಾಲ್ವ್ ದಾರದಿಂದ ಜಾರಿ ಬೀಳುತ್ತೆ. ಆಗಿನ ಡಿಗ್ರಿ ಬರೆದುಕೊಳ್ಳಿ. ಕೊರೆದ ಸಂಖ್ಯೆಗಿಂತ ಎರಡು ಡಿಗ್ರಿ ಆಚೀಚೆ ಇದ್ದರೆ ಅಡ್ಡಿಯಿಲ್ಲ.
4. ಕುದಿಯೋವರೆಗೆ ಬಿಡಿ. 82ರದ್ದು ಚೆನ್ನಾಗಿ, ಏಳೆಂಟು ಮಿಲಿಮೀಟರ್ ತೆರೆದಿರಬೇಕು. 88ರದ್ದು ನಮ್ಮೂರ 97 ಡಿಗ್ರಿ ನೀರಲ್ಲಿ ಪೂರ್ತಿ ತೆರೆಯದೇ ಇರಬಹುದು, ಅದು ವಾಲ್ವ್ ತಪ್ಪಲ್ಲ.
5. ಹೊರಗೆ ತೆಗೆದು ಆರಲು ಬಿಡಿ. ಪೂರ್ತಿ ಮುಚ್ಚಿಕೊಳ್ಳಬೇಕು. ಸಂದು ಉಳಿದರೆ ಅದು ಬೇಡ.

ಹಾಕುವಾಗ ಮೇಣದ ಬುಡ್ಡಿ ಎಂಜಿನ್ ಕಡೆಗಿರಬೇಕು. ಅಂಚಿನಲ್ಲಿ ಗಾಳಿ ಹೋಗುವ ಸಣ್ಣ ತೂತು ಅಥವಾ ಅಲ್ಲಾಡುವ ಪಿನ್ ಇದ್ದರೆ ಅದು ಮೇಲಕ್ಕೆ ಬರಲಿ, ಇಲ್ಲದಿದ್ದರೆ ಒಳಗೆ ಗಾಳಿ ಕಟ್ಟಿಕೊಳ್ಳುತ್ತೆ. ಹೊಸ ಗ್ಯಾಸ್ಕೆಟ್ ಹಾಕಿ.

ಹೀಟ್ ಆಗ್ತಿದ್ರೆ ಎಲ್ಲಿಂದ ಹುಡುಕಬೇಕು?

ಖರ್ಚು ಕಮ್ಮಿ ಇರೋದರಿಂದ ಶುರು ಮಾಡಿ. ಎಂಜಿನ್ ತಣ್ಣಗಿದ್ದಾಗ ನೀರಿನ ಮಟ್ಟ, ಮುಚ್ಚಳದ ರಬ್ಬರ್, ಫ್ಯಾನ್ ಬೆಲ್ಟ್ ಬಿಗಿ ನೋಡಿ. ರೇಡಿಯೇಟರ್ ರೆಕ್ಕೆಗಳ ಸಂದಿಯಲ್ಲಿ ಜೋಳದ ಹೊಟ್ಟು, ತೆಂಗಿನ ನಾರಿನ ಪುಡಿ ಕೂತಿರುತ್ತೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಹೊಡೆದು ತೊಳೀರಿ, ಜೋರು ಹೊಡೆದರೆ ರೆಕ್ಕೆ ಮಡಚುತ್ತೆ. ಫ್ಯಾನ್ ಸುತ್ತಲಿನ ತಗಡಿನ ಕವಚ ಇದೆಯಾ ನೋಡಿ. ಬಿಚ್ಚಿ ಎಸೆದಿದ್ದರೆ ವಾಪಸ್ ಹಾಕಿಸಿ. ಆಮೇಲೆ ರೇಡಿಯೇಟರ್ ಒಳಗಿನ ಸುಣ್ಣ, ವಾಟರ್ ಪಂಪ್, ಪಂಪಿನ ಟೈಮಿಂಗ್, ಹಿಡಿದುಕೊಳ್ಳುವ ಬ್ರೇಕ್, ಕೊನೆಗೆ ಹೆಡ್ ಗ್ಯಾಸ್ಕೆಟ್. ಗೇಜಿನ ಮುಳ್ಳನ್ನೂ ಪೂರ್ತಿ ನಂಬಬೇಡಿ, ಹಳೇ ಸೆಂಡರ್ ಸುಳ್ಳು ಹೇಳುತ್ತೆ.

ಗಡಸು ಬೋರ್‌ವೆಲ್ ನೀರು ರೇಡಿಯೇಟರ್‌ಗೆ ಬೇಡವೇ ಬೇಡ. ಡ್ರಿಪ್ ಲ್ಯಾಟರಲ್ ತುದಿ ಬಿಳಿಯಾಗಿ ಕಟ್ಟಿಕೊಳ್ಳೋದು ನೋಡಿದ್ದೀರಲ್ಲ, ರೇಡಿಯೇಟರ್ ಕೊಳವೆಯಲ್ಲೂ ಅದೇ ಸುಣ್ಣ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರಿಗೆ ಕೂಲೆಂಟ್ ಬೆರೆಸಿ, ಪ್ರಮಾಣ ಡಬ್ಬಿ ಮೇಲೆ ಇರೋ ಹಾಗೆ. ಅದು ತುಕ್ಕು ತಡೆಯುತ್ತೆ, ಕುದಿಬಿಂದುವನ್ನೂ ಏರಿಸುತ್ತೆ. ಹಳೇ ಕೂಲೆಂಟ್ ಇಳಿಸುವಾಗ ಹೊಲದಲ್ಲಿ, ಕೊಟ್ಟಿಗೆ ಹತ್ತಿರ ಚೆಲ್ಲಬೇಡಿ. ಅದರ ಗ್ಲೈಕಾಲ್ ಸಿಹಿ ಇರುತ್ತೆ, ದನ, ನಾಯಿ ನೆಕ್ಕಿದರೆ ಪ್ರಾಣಕ್ಕೇ ಅಪಾಯ. ಡಬ್ಬಕ್ಕೆ ಹಿಡಿದು ಗ್ಯಾರೇಜಿಗೆ ಕೊಡಿ.

ದಾರಿಯಲ್ಲಿ ಕುದಿದರೆ ಮುಚ್ಚಳ ತೆರೆಯಬೇಡಿ. ಒತ್ತಡ ಬಿಟ್ಟ ತಕ್ಷಣ ನೀರು ಮುಖಕ್ಕೆ ಚಿಮ್ಮುತ್ತೆ. ಅರ್ಧ ಗಂಟೆಗೂ ಹೆಚ್ಚು ಆರಲು ಬಿಟ್ಟು, ಆಮೇಲೆ ಬಟ್ಟೆ ಹಿಡಿದು ಮೆಲ್ಲಗೆ ತಿರುಗಿಸಿ. ಕಾದ ಎಂಜಿನ್‌ಗೆ ತಣ್ಣೀರು ಒಮ್ಮೆಲೇ ಸುರಿದರೆ ಹೆಡ್ ಬಿರುಕು ಬಿಡುತ್ತೆ.

ಈ ವಾರ ಮಾಡಬೇಕಾದ ಒಂದು ಕೆಲಸ

ಫೋನ್ ತೆಗೆದು ನಾಲ್ಕು ಫೋಟೊ ಹಿಡಿದಿಟ್ಟುಕೊಳ್ಳಿ: ಎಂಜಿನ್ ಬ್ಲಾಕ್ ಮೇಲಿನ ಸಂಖ್ಯೆ, ರೇಡಿಯೇಟರ್ ಮುಚ್ಚಳದ ಮೇಲಿನ ಒತ್ತಡ, ಮುಚ್ಚಳ ತೆಗೆದಾಗ ಒಳಗಿನ ಕೊಳವೆಗಳ ಸ್ಥಿತಿ (ಎಂಜಿನ್ ತಣ್ಣಗಿದ್ದಾಗ ಮಾತ್ರ), ಮುಂದಿನ ಸಲ ಬಿಚ್ಚಿದಾಗ ಥರ್ಮೋಸ್ಟಾಟ್ ಮೇಲಿನ ಡಿಗ್ರಿ. ಗುಂಪಿನ ಗಾಡಿ ಆದರೆ ಎಲ್ಲರ ಫೋನಿಗೂ ಕಳಿಸಿ. ಡ್ರೈವರ್ ಯಾರೇ ಆಗಲಿ, ಗ್ಯಾರೇಜ್ ಯಾವ ಊರಿನದ್ದೇ ಆಗಲಿ, "ತೆಗೆದುಬಿಡೋಣ" ಅಂದಾಗ ತೋರಿಸೋಕೆ ಸಂಖ್ಯೆ ಕೈಯಲ್ಲಿರುತ್ತೆ.